ಎದ್ದಾಗಿನಿಂದ ಹೇಳವ್ವ

ಬಳ್ಳಾರಿಯ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಉಚ್ಚೆಂಗೆಮ್ಮನಿಗೆ ಎರಡು ಕೆಲಸ. ಒಂದು, ಸೇರಿಸಿಕೊಳ್ಳುವಾಗ ಹೇಳಿದ್ದು: ನೆಲ ಒರೆಸಬೇಕು, ಹೊಲಸಾದ ಬಟ್ಟೆ ತೆಗೆಯಬೇಕು, ನೀರು ಕಾಯಿಸಬೇಕು, ನರ್ಸಮ್ಮ ಕರೆದಲ್ಲಿಗೆ ಓಡಬೇಕು. ಇನ್ನೊಂದು ಯಾರೂ ಹೇಳದ್ದು. ಎಚ್ಚರ ತಪ್ಪಿದ ಕೂಸನ್ನು ಎತ್ತಿಕೊಂಡು ಯಾರಾದರೂ ಬಂದರೆ, ಡಾಕ್ಟರು ಕೂಸನ್ನು ನೋಡುತ್ತಿರುವಾಗ ಇವಳು ತಾಯಿಯ ಕೈ ಹಿಡಿದು ವರಾಂಡದ ಕಲ್ಲುಬೆಂಚಿಗೆ ಕರೆದೊಯ್ಯುತ್ತಿದ್ದಳು. ಒಂದು ಲೋಟ ನೀರು ಕೊಟ್ಟು, "ನಿನ್ನಿ ಎದ್ದಾಗಿನಿಂದ ಹೇಳವ್ವ" ಎನ್ನುತ್ತಿದ್ದಳು.

"ಏನು ಹೇಳ್ಲಿ?"

"ಏನು ಮಾಡಿದಿ, ಎಲ್ಲಿ ಹೋದಿ, ಕೂಸು ಯಾರ ಕಂಕುಳಾಗ ಇತ್ತು. ಒಂದೂ ಬಿಡಬ್ಯಾಡ. ಕಸ ಹೊಡದದ್ದೂ ಹೇಳು."

ಹೊಸದಾಗಿ ಬಂದ ಡಾಕ್ಟರುಗಳಿಗೆ ಇದು ನಗು ತರಿಸುತ್ತಿತ್ತು. ಒಳಗೆ ಮಗು ಉಸಿರಿಗೆ ತಡಕಾಡುತ್ತಿದ್ದರೆ ಹೊರಗೆ ಇವಳು ಕಸ ಹೊಡೆದ ಕತೆ ಕೇಳುತ್ತ ಕೂತಿದ್ದಾಳೆ ಎಂದು ಗದರಿದವರೂ ಇದ್ದರು. ಉಚ್ಚೆಂಗೆಮ್ಮ ಬೈಸಿಕೊಂಡು ಸುಮ್ಮನಿರುವ ಹೆಂಗಸಲ್ಲ. "ನೀವು ಕೂಸಿನ ಕಣ್ಣು ನೋಡ್ರಿ, ನಾ ತಾಯಿ ಬಾಯಿ ನೋಡ್ತೀನಿ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಡಾಕ್ಟರುಗಳು ಬಾಗಿಲಿನಿಂದ ತಲೆ ಹೊರಹಾಕಿ, "ಏನಂತ ಉಚ್ಚೆಂಗೆಮ್ಮ, ಏನಾರ ಸಿಕ್ತೇನು?" ಎಂದು ಕೇಳತೊಡಗುತ್ತಿದ್ದರು.

ಸಿಗುತ್ತಿತ್ತು. ರೂಪನಗುಡಿಯ ಒಂದು ಹುಡುಗಿ ಇಲ್ಲದ್ದನ್ನು ಗಾಳಿಯಲ್ಲಿ ಹಿಡಿಯಲು ಹೋಗುತ್ತ, ಮೈ ಕೆಂಪಾಗಿ, ಕೊನೆಗೆ ಎಚ್ಚರ ತಪ್ಪಿ ಬಂದಿತ್ತು. ಹಿಂದಿನ ದಿನ ತಿಪ್ಪೆಯ ಬದಿಗೆ ಅಂಗಡಿ ಆಟ ಆಡುತ್ತ ಉಮ್ಮತ್ತಿ ಎಂಬ ವಿಷದ ದತ್ತೂರಿ ಕಾಯಿಯ ಬೀಜವನ್ನು ಎಳ್ಳೆಂದು ತೂಗಿ ತಿಂದಿದ್ದಳು ಎಂಬುದು ತಾಯಿಯ ಕತೆಯ ನಡುವೆ ಹೊರಬಿತ್ತು. ಮೋಕದ ಒಂದು ಕೂಸಿಗೆ ದಿನ ಬಿಟ್ಟು ದಿನ ನಡುಕ. ಬಿಟ್ಟ ದಿನ ಚೆನ್ನಾಗಿಯೇ ಆಡುತ್ತಿತ್ತಾದ್ದರಿಂದ ಮಲೇರಿಯ ತಲೆಗೇರುವವರೆಗೆ ಯಾರೂ ಅದನ್ನು ಜ್ವರವೆಂದು ಎಣಿಸಿರಲಿಲ್ಲ. ಒಬ್ಬಾಕೆ ಭೇದಿ ನಿಲ್ಲಲೆಂದು ಎರಡು ದಿನ ಕೂಸಿಗೆ ಹನಿ ನೀರನ್ನೂ ಮುಟ್ಟಿಸಿರಲಿಲ್ಲ. ಇನ್ನೊಬ್ಬಾಕೆ ನೆಗಡಿಗೆಂದು ಬೇವಿನೆಣ್ಣೆಯನ್ನು ಸೌಟಿನಲ್ಲಿ ಕುಡಿಸಿದ್ದಳು. ಇವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಡಾಕ್ಟರು "ಏನು ಔಷಧ ಕೊಟ್ಟಿರಿ" ಎಂದು ಕೇಳಿದರೆ ಅವರಿಗೆ ನೆನಪಾಗುತ್ತಿದ್ದುದೇ ಬೇರೆ, ದಿನದ ಕತೆ ಹೇಳುವಾಗ ಬಾಯಿಗೆ ಬರುತ್ತಿದ್ದುದೇ ಬೇರೆ.

ಕಾರಣ ಸಿಕ್ಕ ಮಾತ್ರಕ್ಕೆ ಎಲ್ಲ ಕೂಸುಗಳೂ ಎದ್ದು ಮನೆಗೆ ಹೋದವು ಎಂದಲ್ಲ. ಕೆಲವು ಎದ್ದ ಮರುದಿನವೇ ಮಂಚದಿಂದ ಮಂಚಕ್ಕೆ ಹಾರಿ ಇವಳಿಂದ ಬೈಸಿಕೊಂಡವು. ಕೆಲವು ಎದ್ದವು, ಆದರೆ ಒಂದು ಕೈ ಸೋತಿತ್ತು, ಇಲ್ಲವೇ ಕಲಿತಿದ್ದ ನಾಲ್ಕು ಮಾತುಗಳನ್ನೂ ಮರೆತು ಮೊದಲಿನಿಂದ ಕಲಿಯಬೇಕಾಯಿತು. ಕೆಲವು ಏಳಲೇ ಇಲ್ಲ. ಅವುಗಳ ಮೈ ತೊಳೆದು, ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಡುವುದೂ ಅವಳದೇ ಕೆಲಸವಾಗಿತ್ತು. ಅಂಥ ದಿನ ಅವಳು ಮನೆಗೆ ಹೋಗಿ ಉಣ್ಣದೆ ಮಲಗಿಬಿಡುತ್ತಿದ್ದಳು. ಬೆಳಿಗ್ಗೆ ಎದ್ದು ಮತ್ತೆ ಅದೇ ವಾರ್ಡಿಗೆ ಬರುತ್ತಿದ್ದಳು, ಅದೂ ಎಲ್ಲರಿಗಿಂತ ಮೊದಲು.

ಅಷ್ಟಾಗಿಯೂ ಅವಳದು ಸುಖದ ಬಾಳು ಎಂದೇ ಹೇಳಬೇಕು, ಅವಳೇ ಹಾಗೆ ಹೇಳುತ್ತಿದ್ದಳು. ಕೌಲ್ ಬಜಾರಿನಲ್ಲಿ ಎರಡು ಕೋಣೆಯ ಮನೆ. ಗಂಡ ಎರ್ರಣ್ಣ ಹತ್ತಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ, ಮಾತು ಕಡಿಮೆ, ನಿದ್ದೆ ಜಾಸ್ತಿ. ಅತ್ತೆ ಜಡೆಮ್ಮ, ಮಗಳು ಹುಲುಗಮ್ಮ. ಊರೆಲ್ಲ ಆಗ ಬಳ್ಳಾರಿ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೆ ಸೇರಬೇಕೋ ಎಂದು ಚಹಾದಂಗಡಿಯಲ್ಲಿ ಬಡಿದಾಡುತ್ತಿತ್ತು. ವಾರ್ಡಿನಲ್ಲೂ ಕಂಪೌಂಡರು ಒಂದು ಕಡೆ, ಗುಮಾಸ್ತರು ಇನ್ನೊಂದು ಕಡೆ. "ಯಾವ ಕಡಿಗರ ಹೋಗ್ರಿ, ಕೂಸು ಕಕ್ಕಿದ್ದನ್ನ ಒರಸಾಕಿ ನಾನ" ಎಂದು ಉಚ್ಚೆಂಗೆಮ್ಮ ಆ ಜಗಳವನ್ನು ಮುಗಿಸುತ್ತಿದ್ದಳು.

ಓಣಿಯವರಿಗೆ ಆ ಮನೆಯ ಒಂದು ಸಂಗತಿ ಮಾತ್ರ ಅರ್ಥವಾಗಿರಲಿಲ್ಲ. ಅತ್ತೆಗೂ ಸೊಸೆಗೂ ಜಗಳವೇ ಇರಲಿಲ್ಲ. ಹೋಗಲಿ, ಅದು ಪುಣ್ಯವೆನ್ನೋಣ. ಆದರೆ ಅವರಿಬ್ಬರೂ ಒಲೆಯ ಮುಂದೆ ನಿಂತರೆ ಒಂದು ವಿಚಿತ್ರ ನಡೆಯುತ್ತಿತ್ತು. "ಸಾರಿಗೆ ಉಪ್ಪು ಹಾಕೀಯೇನು?" ಎಂದು ಜಡೆಮ್ಮ. "ಹಾಕಿಲ್ಲತ್ತಿ, ನೀ ಹಾಕೀಯೇನು?" ಎಂದು ಉಚ್ಚೆಂಗೆಮ್ಮ. ಎಮ್ಮೆಗೆ ಹಿಂಡಿ, ದೀಪಕ್ಕೆ ಎಣ್ಣೆ, ಚಹಾಕ್ಕೆ ಬೆಲ್ಲ, ಎಲ್ಲಕ್ಕೂ ಇದೇ ಪ್ರಶ್ನೆ. ಮಗ್ಗುಲ ಮನೆಯ ಗಾದೆಮ್ಮ ಗೋಡೆಯ ಮೇಲಿಂದ ಇಣುಕಿ, "ಹಾಕೀಯೇನು ಮನಿಯವರ, ಇವತ್ತೇನು ಅಡಗಿ?" ಎಂದು ಆಡಿಕೊಳ್ಳುತ್ತಿದ್ದಳು. ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು, ಏಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅದರ ಬೇರು ಸಿರುಗುಪ್ಪದಲ್ಲಿತ್ತು, ನಲವತ್ಮೂರನೆಯ ಇಸವಿಯಲ್ಲಿ.

ಉಚ್ಚೆಂಗೆಮ್ಮ ಹುಟ್ಟಿದ್ದು ಬಾದನಹಟ್ಟಿಯ ಕರಿನೆಲದಲ್ಲಿ. ಹತ್ತಿ ಬಿಡಿಸಿ ಬೆಳೆದವಳು ಮದುವೆಯಾಗಿ ಸಿರುಗುಪ್ಪಕ್ಕೆ ಬಂದು, ಹಳೆಯ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಮೊಣಕಾಲಮಟ್ಟ ಕೆಸರಿಗಿಳಿದಳು. ನಾಟಿಯ ಕೆಲಸ ಎಂದರೆ ಸಾಲಿನ ಕೆಲಸ. ಹನ್ನೆರಡು ಹೆಂಗಸರು ಒಂದೇ ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತಾರೆ, ಒಬ್ಬಳು ಎದ್ದರೆ ಸಾಲು ಕೆಡುತ್ತದೆ. ಬದುವಿನ ಹುಣಸೆ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದ ಕೂಸು ಅತ್ತರೆ ಎತ್ತಿಕೊಳ್ಳುವವರಿಲ್ಲ. ಹಾಗಾಗಿ ಕೂಸು ಅಳಬಾರದು. ಅದಕ್ಕೆಂದೇ ಕೂಲಿಯವರ ಮನೆಗಳಲ್ಲಿ ಅಫೀಮು ಇರುತ್ತಿತ್ತು, ಉಪ್ಪು ಮೆಣಸಿನಕಾಯಿಯ ಪಕ್ಕದಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿ. ಬೆಳಿಗ್ಗೆ ಸಾಸಿವೆ ಕಾಳಿನಷ್ಟನ್ನು ಬೆರಳಿಗೆ ಹಚ್ಚಿ ಕೂಸಿನ ನಾಲಿಗೆಗೆ ಸವರಿದರೆ ಮಧ್ಯಾಹ್ನದವರೆಗೆ ನಿದ್ದೆ. ಅದನ್ನು ಅವರು ಔಷಧವೆನ್ನುತ್ತಿರಲಿಲ್ಲ, ವಿಷವೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚುವ ಹಾಗೆ, ಕಾಡಿಗೆ ಇಡುವ ಹಾಗೆ ಅದೂ ಬೆಳಗಿನ ಒಂದು ಕೆಲಸ.

ಆ ದಿನ ಮಗಳು ಹುಲುಗಿಗೆ ಹತ್ತು ತಿಂಗಳು. ದಿನಾ ಅತ್ತೆ ಸೊಸೆ ಕೂಡಿಯೇ ಗದ್ದೆಗೆ ಹೋಗುತ್ತಿದ್ದರು. ಅಂದು ಮಾತ್ರ ಸೊಸೆ ಮುಂಜಾನೆಯೇ ಸಸಿ ಕೀಳಲು ಹೋಗಬೇಕಾಗಿತ್ತು. ಹೋಗುವಾಗ ಕೂಸು ಚಿರಗುಟ್ಟಿತೆಂದು ಹಾಲೂಡಿಸಿ, ಅಫೀಮು ಸವರಿ, ಮನೆಯ ಜೋಳಿಗೆಗೆ ಹಾಕಿ ಹೋದಳು. ಒಂದು ಗಳಿಗೆಯ ಮೇಲೆ ಜಡೆಮ್ಮ ಬುತ್ತಿ ಕಟ್ಟಿಕೊಂಡು, ಕೂಸನ್ನು ಎತ್ತುವ ಮುನ್ನ, ದಾರಿಯಲ್ಲಿ ಅಳುತ್ತದೆಂದು ತಾನೂ ಸವರಿದಳು. ಮೊಮ್ಮಗಳ ಮೇಲೆ ಪ್ರೀತಿ ಜಾಸ್ತಿ, ಸಾಸಿವೆ ಕಾಳು ಸ್ವಲ್ಪ ದೊಡ್ಡದಾಯಿತು. ಕೇಳಿದ್ದರೆ ಒಂದೇ ಮಾತು, ಹಾಕೀಯೇನು ಎಂದು. ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಮಧ್ಯಾಹ್ನ ಎದೆ ಬಿಗಿದು ನೋಯತೊಡಗಿದಾಗ ಉಚ್ಚೆಂಗೆಮ್ಮ ಬದುವಿಗೆ ಬಂದು ಕೂಸನ್ನು ಎತ್ತಿದಳು. ಕೂಸು ಬಾಯಿ ತೆರೆಯಲಿಲ್ಲ. ತುಟಿ ಕಪ್ಪಿಟ್ಟಿತ್ತು. ಅಂಗಾಲು ಚಿವುಟಿದಳು, ಅಳಲಿಲ್ಲ. ಸಾಲಿನ ಹೆಂಗಸರೆಲ್ಲ ಓಡಿಬಂದು ಮೇಲೆ ಹುಣಸೆ ಮರ ನೋಡಿದರು, ಮರದ ಮೇಲಿನ ದೆವ್ವದ ಗಾಳಿ ಬಡಿದಿದೆ ಎಂದರು. ಯಾರೋ ಹೋಗಿ ಬೂದಿ ಹಾಕುವವನನ್ನು ಕರೆತಂದರು. ಅವನು ಬೂದಿ ಊದಿ ತಾಯಿತ ಕಟ್ಟುವುದರಲ್ಲಿ ಒಂದು ತಾಸು ಹೋಯಿತು. ಎರ್ರಣ್ಣ, ಜನ್ಮದಲ್ಲಿ ಒಮ್ಮೆ, ಹೆಂಡತಿಯ ಮಾತೂ ತಾಯಿಯ ಮಾತೂ ಕೇಳದೆ ಕೂಸನ್ನು ಕಸಿದುಕೊಂಡು ರಸ್ತೆಗೆ ಓಡಿ ಬಸ್ಸಿಗೆ ಅಡ್ಡ ನಿಂತ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ತೆಕ್ಕಲಕೋಟೆ ದಾಟಿದ ಮೇಲೆ ಎರಡು ಸಲ ನಿಂತಿತು. ಎರಡು ಸಲವೂ ಗಂಡಸರು ಇಳಿದು ನೂಕಿದರು, ಡ್ರೈವರು ಇದ್ದಿಲು ಕೆದಕಿದ. ಉಚ್ಚೆಂಗೆಮ್ಮ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನಾದರೂ ಔಷಧ ಕೊಟ್ಟಿರಾ?"

"ಇಲ್ರಿ."

"ಏನೂ ಇಲ್ಲವಾ? ನೆನಪು ಮಾಡಿಕೊ."

"ದೇವರಾಣಿ ಇಲ್ರಿ" ಎಂದಳು ಉಚ್ಚೆಂಗೆಮ್ಮ. ಅದು ಸುಳ್ಳಲ್ಲ, ಅವಳ ಲೆಕ್ಕದಲ್ಲಿ ಕೂಸಿಗೆ ಹುಟ್ಟಿದಾಗಿನಿಂದ ಔಷಧವನ್ನೇ ಕೊಟ್ಟಿರಲಿಲ್ಲ.

ವಾರ್ಡಿನ ನರ್ಸು ವೀರಭದ್ರಮ್ಮ ಎಂಬ ಗಟ್ಟಿ ಹೆಂಗಸು. ಗಂಡಸರನ್ನು ಗೇಟಿನ ಹೊರಗೆ ಕಳಿಸಿ, ಇಬ್ಬರು ಹೆಂಗಸರನ್ನೂ ಕಲ್ಲುಬೆಂಚಿನ ಮೇಲೆ ಕೂರಿಸಿದಳು. "ಡಾಕ್ಟ್ರು ಕೇಳಿದ್ದು ಬಿಡು. ಬೆಳಿಗ್ಗೆ ಎದ್ದಾಗಿನಿಂದ ಹೇಳವ್ವ, ಏನೇನು ಮಾಡಿದಿ" ಎಂದಳು. ಉಚ್ಚೆಂಗೆಮ್ಮ ಅಳುತ್ತಲೇ ಹೇಳಿದಳು: ಎದ್ದೆ, ಕಸ ಹೊಡದೆ, ರೊಟ್ಟಿ ಬಡದೆ, ಕೂಸಿಗೆ ಹಾಲು ಕುಡಿಸಿ ಅಫೀಮು ಹಾಕಿ ಜೋಳಿಗ್ಯಾಗ ಮಲಗಿಸಿ ಗದ್ದಿಗೆ ಹೋದೆ.

ಅದಕ್ಕೆ ನರ್ಸಮ್ಮ ಏನಾದರೂ ಹೇಳುವ ಮೊದಲೇ ಪಕ್ಕದಿಂದ ಜಡೆಮ್ಮನ ದನಿ ಬಂತು. "ನೀ ಹಾಕಿದ್ದೇನು? ನಾನೂ ಹಾಕೀನಲ್ಲ."

ನೇರಳೆ ಬಣ್ಣದ ನೀರಿನಿಂದ ಕೂಸಿನ ಹೊಟ್ಟೆ ತೊಳೆದರು. ನಳಿಕೆಯಲ್ಲಿ ಕಡು ಕಾಫಿ ಇಳಿಸಿದರು. ಉಸಿರು ನಿಂತಾಗಲೆಲ್ಲ ವೀರಭದ್ರಮ್ಮ ಎರಡು ಬೆರಳಿನಿಂದ ಎದೆ ಒತ್ತಿ ಒತ್ತಿ ಅದನ್ನು ಮತ್ತೆ ನಡೆಸಿದಳು. ಮೂರನೆಯ ದಿನ ಹುಲುಗಿ ಕಣ್ಣು ಬಿಟ್ಟಳು. ತಾಯಿಯನ್ನು ಗುರುತು ಹಿಡಿಯಲು ಇನ್ನೂ ಹತ್ತು ದಿನ ಬೇಕಾಯಿತು. ಉಸಿರು ಕಡಿಮೆಯಾಗಿದ್ದಷ್ಟು ಹೊತ್ತು ಮೆದುಳು ಉಪವಾಸ ಬಿದ್ದಿದೆ, ಎಷ್ಟು ತಿರುಗಿ ಬರುತ್ತದೋ ನೋಡೋಣ ಎಂದರು ಡಾಕ್ಟರು. ಬಹಳಷ್ಟು ತಿರುಗಿ ಬಂತು. ಮಾತು ನಾಲ್ಕನೆಯ ವರ್ಷಕ್ಕೆ ಬಂತು, ಬಂದದ್ದು ಇನ್ನೂ ನಿಂತಿಲ್ಲ. ಎಡಗಾಲು ಮಾತ್ರ ಎಳೆಯುವುದನ್ನು ಬಿಡಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಜಡೆಮ್ಮ ಮೆಲ್ಲಗೆ, "ಗಾಳಿ ಅಂತನ ಹೇಳೋಣೇನು?" ಎಂದು ಕೇಳಿದಳು. ಉಚ್ಚೆಂಗೆಮ್ಮ ಹೂಂ ಎಂದು ತಲೆಯಾಡಿಸಿದಳು. ಊರವರು ಆಗಲೇ ಗಾಳಿ ಎಂದಿದ್ದರು, ಎರ್ರಣ್ಣನೂ ಅದನ್ನೇ ನಂಬಿದ್ದ. ಮನೆಗೆ ಬಂದ ಕೂಡಲೇ ಜಡೆಮ್ಮ ಅಫೀಮಿನ ಡಬ್ಬಿಯನ್ನು ಒಲೆಗೆ ಹಾಕಿದಳು. ನಾನು ಹೇಳಿ ಹೋಗಲಿಲ್ಲ ಎಂದು ಸೊಸೆ, ನಾನು ಕೇಳಲಿಲ್ಲ ಎಂದು ಅತ್ತೆ, ಇಬ್ಬರೂ ಅರ್ಧರ್ಧ ತಪ್ಪನ್ನು ತಮ್ಮ ಕಡೆಗೇ ಎಳೆದುಕೊಂಡರು. ಆಮೇಲೆ ಒಬ್ಬರನ್ನೊಬ್ಬರು ಬೈಯುವ ಬಾಯಿ ಇಬ್ಬರಿಗೂ ಉಳಿಯಲಿಲ್ಲ.

ಮಗಳ ಕಾಲು ತಿಕ್ಕಿಸಲು ತಿಂಗಳಿಗೊಮ್ಮೆ ಬಳ್ಳಾರಿಗೆ ಬರುತ್ತಿದ್ದ ಉಚ್ಚೆಂಗೆಮ್ಮ ಕೂತಲ್ಲಿ ಕೂರದೆ ವಾರ್ಡಿನಲ್ಲಿ ಕೈಗೆ ಸಿಕ್ಕ ಕೆಲಸ ಮಾಡುತ್ತಿದ್ದಳು. ಎರಡು ವರ್ಷ ನೋಡಿದ ವೀರಭದ್ರಮ್ಮ, "ಹೆಂಗೂ ಮಾಡಾಕತ್ತೀ, ಇಲ್ಲೇ ಇದ್ದುಬಿಡು" ಎಂದು, ಮನೆಮಂದಿಯನ್ನೂ ಸಿರುಗುಪ್ಪದಿಂದ ಕರೆಸಿಕೊಳ್ಳಹೇಳಿ, ಆಯಾ ಕೆಲಸಕ್ಕೆ ಹಚ್ಚಿದಳು. ನಾಲ್ಕು ವರ್ಷದ ಮೇಲೆ ತಾನು ನಿವೃತ್ತಳಾಗುವಾಗ ಆ ಕಲ್ಲುಬೆಂಚನ್ನೂ ಆ ಪ್ರಶ್ನೆಯನ್ನೂ ಇವಳಿಗೇ ಬಿಟ್ಟುಹೋದಳು.

ಹೀಗೆ ಎಲ್ಲರ ಕತೆಯನ್ನೂ ಹೊರಗೆಳೆಯುತ್ತಿದ್ದವಳು ತನ್ನ ಕತೆಯನ್ನು ಮಾತ್ರ ಒಂಬತ್ತು ವರ್ಷ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೇರೆಯವರಿಗೆ ಹೇಳದಿದ್ದರೆ ಹೋಗಲಿ, ಹುಲುಗಿಗೆ ಗೊತ್ತಾದರೆ ಎಂಬ ಒಂದೇ ದಿಗಿಲು ಅವಳಿಗೆ. ನನ್ನ ಕಾಲು ಹೀಗೆ ಮಾಡಿದ್ದು ನೀನೇ ಏನವ್ವ ಎಂದು ಆ ಹುಡುಗಿ ಒಂದು ಸಲ ಕೇಳಿದರೆ ಸಾಕು, ತಾನು ಅಲ್ಲೇ ಕುಸಿಯುತ್ತೇನೆ ಎಂದು ಅವಳಿಗೆ ಅನಿಸುತ್ತಿತ್ತು. ಹುಲುಗಿಗೆ ಗೊತ್ತಿದ್ದುದು ಗಾಳಿಯ ಕತೆ. ಅವಳ ರಟ್ಟೆಯಲ್ಲಿ ಸಿರುಗುಪ್ಪದ ತಾಯಿತ ಇನ್ನೂ ಇತ್ತು, ಅಮಾವಾಸ್ಯೆಗೊಮ್ಮೆ ಅಜ್ಜಿ ಅದರ ಕರಿದಾರ ಬದಲಿಸುತ್ತಿದ್ದಳು. ದಿನಾ ಮಧ್ಯಾಹ್ನ ಶಾಲೆ ಬಿಟ್ಟಾಗ ಹುಲುಗಿ ಅವ್ವನೊಡನೆ ಉಣ್ಣಲು ಆಸ್ಪತ್ರೆಗೆ ಬರುತ್ತಿದ್ದಳು. ಅಂಗಳದ ದೊಡ್ಡ ಹುಣಸೆ ಮರದ ಕೆಳಗೆ ಊರಿಂದ ಬಂದವರೆಲ್ಲ ಬುತ್ತಿ ಬಿಚ್ಚಿ ಕೂತಿರುತ್ತಿದ್ದರು. ಇವಳು ಮಾತ್ರ ಅದನ್ನು ಸುತ್ತುಹಾಕಿ, ಗೋಡೆ ಸವರಿಕೊಂಡು ವರಾಂಡಕ್ಕೆ ಬರುತ್ತಿದ್ದಳು. ಜನ ಕಾಲು ನೋಡುತ್ತಾರೆಂದು ಹೀಗೆ ಮಾಡುತ್ತಾಳೆ ಎಂದುಕೊಂಡಿದ್ದಳು ಉಚ್ಚೆಂಗೆಮ್ಮ.

ಐವತ್ತೆರಡರ ಚಳಿಗಾಲದಲ್ಲಿ ಒಂದು ದಿನ, ಹನ್ನೊಂದು ಗಂಟೆ ದಾಟಿದ ಮೇಲೆ, ಕುರುಗೋಡಿನ ಕಿರಾಣಿ ಅಂಗಡಿಯ ತಿಪ್ಪೇರುದ್ರಪ್ಪನವರ ಮಗ ಮರಿಬಸಪ್ಪನನ್ನು ಕಾರಿನಲ್ಲಿ ತಂದರು. ಎರಡು ವರ್ಷದ ಗುಂಡಗಿನ ಹುಡುಗ, ಕೊರಳಲ್ಲಿ ಬೆಳ್ಳಿಯ ಲಿಂಗ, ಮೈಮೇಲೆ ಎಚ್ಚರವಿಲ್ಲ. ತಾಯಿ ಸುವರ್ಣಮ್ಮನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಅಜ್ಜಿ ಚನ್ನವೀರಮ್ಮ ಇಳಕಲ್ಲ ಸೀರೆಯುಟ್ಟು, ಎಲೆಅಡಿಕೆಯ ಚೀಲವನ್ನು ಎದೆಗವಚಿಕೊಂಡು ಹಿಂದೆ ಬಂದರು.

ವಾರದ ಹಿಂದಷ್ಟೇ ಬಂದಿದ್ದ ಹೊಸ ಡಾಕ್ಟರು ಹುಡುಗನ ರೆಪ್ಪೆ ಎತ್ತಿ ನೋಡಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. "ಅಫೀಮು ಏನಾದರೂ ಕೊಡುತ್ತೀರಾ?" ಎಂದು ಕೇಳಿದರು.

ತಿಪ್ಪೇರುದ್ರಪ್ಪನವರ ಮುಖ ಕೆಂಪಾಯಿತು. "ಕೂಲಿಯವ್ರ ಮನಿ ಅಂತ ತಿಳಕೊಂಡ್ರೇನ್ರಿ? ನಮ್ಮದು ಅಂಥಾ ಮನಿ ಅಲ್ರಿ."

ಹುಡುಗನಿಗೆ ಎರಡು ದಿನದಿಂದ ನೆಗಡಿ, ಮೈ ಬೆಚ್ಚಗಿತ್ತು. ಮನೆಯವರು ಇಷ್ಟು ಖಂಡಿತವಾಗಿ ಇಲ್ಲವೆಂದ ಮೇಲೆ ಡಾಕ್ಟರಿಗೆ ಅನುಮಾನ ಬಂತು, ಮೆದುಳಿನ ಜ್ವರವೇ ಇರಬಹುದೆಂದು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ನೋಡಬೇಕು ಎಂದು ಸೂಜಿ ಕುದಿಸಲು ಹೇಳಿದರು. ಅದು ಕುದಿದು ತಣಿಯುವಷ್ಟರಲ್ಲಿ ಹುಡುಗನ ಉಸಿರು ನಿಮಿಷಕ್ಕೆ ಎಂಟಕ್ಕೆ ಇಳಿದಿತ್ತು.

ಉಚ್ಚೆಂಗೆಮ್ಮ ಅಷ್ಟರಲ್ಲಿ ಸುವರ್ಣಮ್ಮನ ಕತೆ ಕೇಳಿ ಮುಗಿಸಿದ್ದಳು. ಎದ್ದದ್ದು, ಪೂಜೆ, ಹುಡುಗನಿಗೆ ಎರೆದದ್ದು, ಉಪ್ಪಿಟ್ಟು ತಿನ್ನಿಸಿದ್ದು. ಆಮೇಲೆ ಒಂದು ತೂತು. "ಆಮ್ಯಾಲ ಹಿತ್ತಲ ಕೋಣ್ಯಾಗ ಅತ್ತಿಯವ್ರ ಹತ್ರ ಆಡಾಕತ್ತಿದ್ದ. ನೋಡಿದ್ರ ಮಲಗಿಬಿಟ್ಟಾನ." ಉಚ್ಚೆಂಗೆಮ್ಮ ಅತ್ತೆಯವರತ್ತ ತಿರುಗಿದಳು.

"ಅಮ್ಮಾರ, ನೀವು ಹೇಳ್ರಿ. ಕೂಸು ನಿಮ್ಮ ಹತ್ರ ಇದ್ದಾಗ ಏನು ಮಾಡ್ತಿತ್ತು?"

"ಕಸ ಹೊಡಿಯಾಕಿ ಮುಂದ ನಾ ಏನು ಹೇಳ್ಲಿ?" ಎಂದರು ಚನ್ನವೀರಮ್ಮ. ಚೀಲ ಇನ್ನಷ್ಟು ಬಿಗಿಯಾಗಿ ಎದೆಗಂಟಿತು.

ಸಿಟ್ಟು ಬರಬೇಕಾದದ್ದೇ. ಆದರೆ ಉಚ್ಚೆಂಗೆಮ್ಮನ ಕಣ್ಣು ಬೇರೆ ಕಡೆಗಿತ್ತು. ವರಾಂಡದ ನೆರಳಿನಲ್ಲಿ ಎಲ್ಲರ ಪಾಪೆಯೂ ಅಗಲವಾಗಿರುತ್ತದೆ. ಈ ಮುದುಕಮ್ಮನ ಪಾಪೆ ಮಾತ್ರ ಸಾಸಿವೆಯಷ್ಟು ಇತ್ತು, ಒಳಗೆ ಮಲಗಿದ್ದ ಮೊಮ್ಮಗನದರಂತೆಯೇ. ಅವಳಿಗೆ ಎಲ್ಲ ತಿಳಿಯಿತು. ತಿಳಿದರೇನು, ಮಗನೂ ಸೊಸೆಯೂ ಎದುರಿಗಿರುವಾಗ ಅದನ್ನು ಬಾಯಿಂದ ಹೊರಡಿಸುವುದು ಹೇಗೆ? ಬೆದರಿಸಿದರೆ ಈ ಹೆಂಗಸು ಇಲ್ಲ ಎಂದೇ ಹಟ ಹಿಡಿಯುತ್ತಾಳೆ, ಹುಡುಗ ಹೋದ ಮೇಲೂ ಇಲ್ಲ ಎನ್ನುತ್ತಾಳೆ.

ಸುವರ್ಣಮ್ಮನನ್ನು ಒಳಗೆ ಮಗನ ಹತ್ತಿರ ಕಳಿಸಿದಳು. ತಿಪ್ಪೇರುದ್ರಪ್ಪನವರನ್ನು ಕಾಫಿ ತರಲು ಹೋಟೆಲಿಗೆ ಅಟ್ಟಿದಳು. ಆಮೇಲೆ ಬೆಂಚಿನ ಮೇಲಲ್ಲ, ಚನ್ನವೀರಮ್ಮನವರ ಕಾಲ ಬಳಿ ನೆಲದ ಮೇಲೆ ಕೂತಳು.

"ನೀವು ಹೇಳಬ್ಯಾಡ್ರಿ, ನಾ ಹೇಳ್ತೀನಿ ಕೇಳ್ರಿ. ಒಂಬತ್ತು ವರ್ಷದ ಹಿಂದ ಒಂದು ದಿನ ಮುಂಜಾನೆ ಎದ್ದೆ. ಕಸ ಹೊಡದೆ. ರೊಟ್ಟಿ ಬಡದೆ."

ಹೇಳುತ್ತಿರುವಾಗ ಕಂಬದ ಮಗ್ಗುಲಲ್ಲಿ ಏನೋ ಅಲ್ಲಾಡಿದಂತಾಗಿ ತಲೆ ಎತ್ತಿದಳು. ಹನ್ನೆರಡು ಹೊಡೆದಿತ್ತು. ಹುಲುಗಿ ಬುತ್ತಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಊಟ ಮಾಡು ಹೋಗು ಎಂದು ಹುಡುಗಿಯನ್ನು ಆಚೆ ಕಳಿಸಬಹುದಿತ್ತು. 'ಅವ್ವ, ಯಾರ ಕತಿ?' ಎಂಬ ಪ್ರಶ್ನೆ ಮಗಳ ಮುಖದ ಮೇಲೆ ಆಗಲೇ ಇತ್ತು. ಒಳಗೆ ನರ್ಸು ಗಡಿಯಾರ ನೋಡುತ್ತ ಉಸಿರು ಎಣಿಸುವುದು ಕೇಳುತ್ತಿತ್ತು, ಆರು ಎಂದಳು. ಉಚ್ಚೆಂಗೆಮ್ಮ ಮಗಳ ಮುಖದಿಂದ ಕಣ್ಣು ಕಿತ್ತು ಮುದುಕಮ್ಮನ ಮುಖದಲ್ಲಿಟ್ಟಳು.

"ನನ್ನ ಮಗಳು ಹುಲುಗಿಗೆ ನನ್ನ ಕೈಲೆ ಅಫೀಮು ಹಾಕಿ ಹೋದ್ನಿ. ನಮ್ಮತ್ತಿನೂ ಹಾಕಿದ್ಲು. ಡಾಕ್ಟ್ರು ಕೇಳಿದಾಗ ಇಲ್ಲ ಅಂದ್ನಿ. ಹೇಳಾಕ ತಡ ಆತು, ಕೂಸಿನ ಕಾಲು ಹೋತು. ಗಾಳಿ ಬಡದೈತಿ ಅಂತ ಊರೆಲ್ಲ ಸುಳ್ಳು ಹೇಳಿಕೊಂಡು ತಿರುಗಿದ್ವಿ. ಅಮ್ಮಾರ, ನಿಮಗೆ ಇನ್ನಾ ಹೊತ್ತೈತಿ."

ಚನ್ನವೀರಮ್ಮನವರು ಚೀಲವನ್ನು ಎದೆಯಿಂದ ತೊಡೆಗಿಳಿಸಿದರು. ಚೀಲದ ದಾರ ಸಡಿಲಿಸಿ, ಸುಣ್ಣದ ಡಬ್ಬಿಯ ಪಕ್ಕದಿಂದ ಇನ್ನೊಂದು ಪುಟ್ಟ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದರು. ಬರಿದಾಗಿತ್ತು.

"ಮೊಣಕಾಲು ನೋವು, ಐದು ವರ್ಷ ಆತವ್ವ. ಮನ್ಯಾಗ ಯಾರಿಗೂ ಗೊತ್ತಿಲ್ಲ. ದಿನಾ ಈ ಚೀಲದಾಗಿಂದ ಅವಗ ಕಲ್ಲುಸಕ್ರಿ ಕೊಡ್ತಿದ್ನಿ. ಇವತ್ತು ಜಪಕ್ಕ ಕುಂತಾಗ ತಾನ ಕೈ ಹಾಕ್ಯಾನ."

"ಎಷ್ಟಿತ್ರಿ?"

"ಗುಲಗಂಜಿಯಷ್ಟು. ಉಪ್ಪಿಟ್ಟು ತಿಂದ ಮ್ಯಾಲ."

ಉಚ್ಚೆಂಗೆಮ್ಮ ಎದ್ದು ಒಳಗೆ ಓಡಿದಳು. ಸೂಜಿ ಪಕ್ಕಕ್ಕೆ ಹೋಯಿತು, ನೇರಳೆ ನೀರು ಬಂತು. ತಿಪ್ಪೇರುದ್ರಪ್ಪನವರು ಹೋಟೆಲಿನಿಂದ ತಂದ ಕಾಫಿಯನ್ನು ತಣಿಸಿ ನಳಿಕೆಗೆ ಹಾಕಿದರು. ಅವರು ಅದು ತಮಗೆಂದುಕೊಂಡಿದ್ದರು. ಉಸಿರು ತಪ್ಪಿದಾಗಲೆಲ್ಲ ಹೊಸ ಡಾಕ್ಟರೂ ಉಚ್ಚೆಂಗೆಮ್ಮನೂ ಸರದಿಯ ಮೇಲೆ ಎದೆ ಒತ್ತಿದರು. ನಾಲ್ಕು ಗಂಟೆಯ ಸುಮಾರಿಗೆ ಮರಿಬಸಪ್ಪ ಮುಖ ಸಿಂಡರಿಸಿ, ಕೈಕಾಲು ಬಡಿದು, ಇಡೀ ವಾರ್ಡು ಎದ್ದು ಕೂರುವಂತೆ ಅತ್ತ. ಅಷ್ಟು ಇಂಪಾದ ಅಳು ಉಚ್ಚೆಂಗೆಮ್ಮ ಬಹಳ ದಿನದಿಂದ ಕೇಳಿರಲಿಲ್ಲ. ನಾಲ್ಕನೆಯ ದಿನ ಅವನು ತನ್ನ ಕಾಲ ಮೇಲೆ ನಡೆದು ಕಾರು ಹತ್ತಿದ. ಅದಕ್ಕೆ ಮುಂಚೆ ಚನ್ನವೀರಮ್ಮನವರು ತಾವೇ ಸೊಸೆಗೆ ಎಲ್ಲ ಹೇಳಿದ್ದರು. ಸೊಸೆ ಚೀಲವನ್ನು ಇನ್ನು ಮೇಲೆ ಎತ್ತರದ ಗೂಟಕ್ಕೆ ಹಾಕಿರಿ ಎಂದಷ್ಟೇ ಅಂದಳಂತೆ.

ಅದು ಆಮೇಲಿನ ಮಾತು. ಅಂದು ಹುಡುಗ ಅತ್ತ ಕೂಡಲೇ ಉಚ್ಚೆಂಗೆಮ್ಮ ಕೈ ತೊಳೆದು ವರಾಂಡಕ್ಕೆ ಬಂದಳು. ಬೆಂಚಿನ ಮೇಲೆ ಬುತ್ತಿಯ ಡಬ್ಬಿ ಮುಚ್ಚಿದ ಹಾಗೇ ಇತ್ತು. ಹುಲುಗಿ ಇರಲಿಲ್ಲ. ಗೇಟಿಗೆ ಹೋಗಿ ಕೇಳಿದಳು, ಹೊರಗೆ ಹೋಗಿಲ್ಲ ಎಂದರು. ಬಾವಿಯ ಹತ್ತಿರ ನೋಡಿದಳು. ಕಟ್ಟೆಗೆ ಬಗ್ಗಿ ಒಳಗೆ ಇಣುಕಿದಳು. ತಿರುಗಿ ನೋಡಿದರೆ, ಹುಣಸೆ ಮರದ ಬುಡದಲ್ಲಿ, ಬೇರಿನ ಮೇಲೆ ಕಾಲು ಚಾಚಿ ಹುಲುಗಿ ಕೂತಿದ್ದಳು.

ಉಚ್ಚೆಂಗೆಮ್ಮ ಹತ್ತಿರ ಹೋಗಿ ನಿಂತಳು. "ಉಂಡಿಲ್ಲ?" ಎಂದಳು.

"ಗಾಳಿ ಅಲ್ಲೇನವ್ವ ಹಂಗಾರ?"

"ಅಲ್ಲ."

"ಈ ಮರಕ್ಕೂ ನನ್ನ ಕಾಲಿಗೂ ಏನೂ ಇಲ್ಲ?"

"ಏನೂ ಇಲ್ಲವ್ವ. ನಾವ ಮಾಡಿದ್ದು."

"ತಿರುಗಿ ಬರಂಗಿಲ್ಲ?"

"ಏನು?"

"ಗಾಳಿ. ಮತ್ತ ನನ್ನ ಮ್ಯಾಲ."

ಉಚ್ಚೆಂಗೆಮ್ಮ ಇಲ್ಲ ಎಂದು ತಲೆಯಾಡಿಸಿದಳು.

"ಹನ್ನೆರಡಕ್ಕ ಬಂದು ಕುಂತೀನಿ" ಎಂದಳು ಹುಲುಗಿ. "ಮೊದಲ ಹೆದರಿಕಿ ಆತು. ಆಮ್ಯಾಲ ಕಣ್ಣು ಮುಚ್ಚಿ ಕುಂತೆ. ಏನೂ ಆಗಲಿಲ್ಲ. ಎರಡು ಹುಣಸಿಕಾಯಿ ಬಿದ್ವು, ತಿಂದೆ."

ಉಚ್ಚೆಂಗೆಮ್ಮ ಮಗಳ ಮಗ್ಗುಲಿಗೆ ಬೇರಿನ ಮೇಲೆ ಕೂತಳು. ಒಂಬತ್ತು ವರ್ಷ ಅವಳು ಮಗಳ ಸಿಟ್ಟಿಗೆ ಹೆದರಿ ಬಾಯಿ ಕಟ್ಟಿಕೊಂಡಿದ್ದಳು. ಮಗಳೋ ಅಷ್ಟೂ ವರ್ಷ, ಯಾವ ಮರದಿಂದ ಯಾವ ಗಳಿಗೆಯಲ್ಲಿ ಅದು ಮತ್ತೆ ಇಳಿಯುತ್ತದೋ ಎಂದು ಗೋಡೆ ಸವರಿಕೊಂಡು ಓಡಾಡಿದ್ದಳು. ಯಾರ್ಯಾರೋ ತಾಯಂದಿರ ಬಾಯಿಂದ ಕತೆ ತೆಗೆದ ತನಗೆ ಮನೆಯ ಹುಡುಗಿ ದಿನಾ ಬಿಸಿಲಲ್ಲಿ ಮರ ಸುತ್ತಿ ಬರುವುದೇಕೆ ಎಂದು ಒಮ್ಮೆ ಕೇಳಲು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ನನ್ನ ಮ್ಯಾಲ ಸಿಟ್ಟಿಲ್ಲೇನು?" ಎಂದು ಸೆರಗಿನೊಳಗಿಂದ ಕೇಳಿದಳು.

ಹುಲುಗಿ ಯೋಚಿಸಿದಳು. "ಐತಿ" ಎಂದಳು. "ಸಾಲ್ಯಾಗ ನನ್ನ ಮಗ್ಗಲಿಗೆ ಯಾರೂ ಕುಂದ್ರಂಗಿಲ್ಲ. ಗಾಳಿ ತಮಗೂ ಹತ್ತತೈತಿ ಅಂತಾರ. ನಾಳೆ ನೀ ಬಂದು ಎಲ್ಲಾರ ಮುಂದ ಹೇಳಬೇಕು. ಅಜ್ಜಿನೂ ಬರಬೇಕು."

ಮರುದಿನ ಕೌಲ್ ಬಜಾರಿನ ಶಾಲೆಯ ನಾಲ್ಕನೆಯ ತರಗತಿಯ ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೂ ತೊಳೆದ ಸೀರೆಯುಟ್ಟು ನಿಂತರು. ಹಿಂದಿನ ಸಂಜೆ ಎರ್ರಣ್ಣನಿಗೆ ಹೇಳಿದ್ದಾಗಿತ್ತು. ಅವನು, ಬಸ್ಸಿಗೆ ಅಡ್ಡ ನಿಂತದ್ದು ಒಳ್ಳೆಯದೇ ಆಯಿತಲ್ಲ ಎಂದಿದ್ದ. ಮೇಷ್ಟ್ರು ಮಕ್ಕಳನ್ನು ಸುಮ್ಮನಾಗಿಸಿದರು. ನಲವತ್ತು ಜೊತೆ ಕಣ್ಣು ನೋಡಿ ಉಚ್ಚೆಂಗೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಇಷ್ಟು ವರ್ಷದ ಗಟ್ಟಿ ಬಾಯಿ ಎಲ್ಲಿ ಹೋಯಿತೋ.

ಹಿಂದಿನ ಸಾಲಿನಲ್ಲಿ, ತನ್ನ ಮಣೆಯ ಮೇಲೆ ಒಬ್ಬಳೇ ಕೂತಿದ್ದ ಹುಲುಗಿ ಗಟ್ಟಿಯಾಗಿ ಹೇಳಿದಳು. "ಎದ್ದಾಗಿನಿಂದ ಹೇಳವ್ವ. ಕಸ ಹೊಡದದ್ದೂ ಹೇಳು."

ಉಚ್ಚೆಂಗೆಮ್ಮ ಹೇಳಿದಳು. ಅವಳು ನಿಲ್ಲಿಸಿದಲ್ಲಿಂದ ಜಡೆಮ್ಮ ಎತ್ತಿಕೊಂಡು, ನಾನೂ ಹಾಕಿದೆ ಎಂಬುದನ್ನು ಹೇಳಿ ಮುಗಿಸಿದಳು. ಒಬ್ಬ ಹುಡುಗ ಎದ್ದು, ಅಫೀಮು ಸಿಹಿ ಇರುತ್ತದೋ ಕಹಿಯೋ ಎಂದು ಕೇಳಿ ಮೇಷ್ಟ್ರಿಂದ ಬೈಸಿಕೊಂಡ. ಆಗ ಮುಂದಿನ ಸಾಲಿನಿಂದ ಮಗ್ಗುಲ ಮನೆಯ ಗಾದೆಮ್ಮನ ಮಗಳು ತನ್ನ ಪಾಟಿ ಬಳಪ ಎತ್ತಿಕೊಂಡು ಹಿಂದಕ್ಕೆ ನಡೆದಳು. ಹುಲುಗಿ ಸ್ವಲ್ಪ ಸರಿದು ಮಣೆಯ ಮೇಲೆ ಜಾಗ ಮಾಡಿದಳು.